ಚಾದರ ಹೊದ್ದ ಎಕೋ ಯಂತ್ರ

ಮಾನ್ಯ ಸಂಪಾದಕರೇ,

ಸೋಮವಾರದ ಸಂಚಿಕೆಯಲ್ಲಿ ಅಪರೂಪದ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ನಮ್ಮೂರಿನ ಯುವಕನ ವರದಿ ಬಂದಿದೆಯಲ್ಲ, ಅವನು ನನ್ನ ತಮ್ಮ. ಅವನನ್ನು ಉಳಿಸಿಕೊಟ್ಟ ಬೆಂಗಳೂರಿನ ವೈದ್ಯರಿಗೆ ಕೈಮುಗಿಯುತ್ತೇನೆ. ಆದರೆ ನಿನ್ನೆ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಆದದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬಾರದು.

ತಿಂಗಳಾದ ಮೇಲೆ ಎಕೋ, ಅಂದರೆ ಶಬ್ದತರಂಗಗಳಿಂದ ಹೃದಯ ನೋಡುವ ಪರೀಕ್ಷೆ, ಮಾಡಿಸಿ, ತೇಪೆ ಹಾಕಿದ ಕಡೆ ರಕ್ತ ಸೋರುತ್ತಿದೆಯೇ, ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿದೆಯೇ ನೋಡಿಸಿ ಎಂದು ಬೆಂಗಳೂರಿನ ವೈದ್ಯರು ಬರೆದುಕೊಟ್ಟಿದ್ದರು. ಎದೆಮೂಳೆ ಇನ್ನೂ ಪೂರ್ತಿ ಕೂಡಿಕೊಂಡಿಲ್ಲ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅವನು ದಿಂಬನ್ನು ಎದೆಗೆ ಅವುಚಿಕೊಂಡು ಹಲ್ಲು ಕಚ್ಚುತ್ತಿದ್ದ. ಚೀಟಿಗೆ ಒಂದೂವರೆ ಗಂಟೆ ಸಾಲು. ಕೊನೆಗೆ ಎಕೋ ಕೊಠಡಿಗೆ ಹೋದರೆ ಬೀಗ! ಕಿಟಕಿಯಲ್ಲಿ ಇಣುಕಿದೆ. ಯಂತ್ರಕ್ಕೆ ಆಸ್ಪತ್ರೆಯ ಹಸಿರು ಚಾದರ ಹೊದಿಸಿ, ಅದರ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಪರೀಕ್ಷೆ ಮಾಡುವ ವೈದ್ಯರು ನಿಯೋಜನೆಯ ಮೇಲೆ ಬೇರೆ ಜಿಲ್ಲೆಗೆ ಹೋಗಿದ್ದಾರಂತೆ. ‘ಆಪರೇಷನ್ ಆಗಿದೆಯಲ್ಲ, ಇನ್ನೇನು ಅವಸರ? ಮುಂದಿನ ವಾರ ಬನ್ನಿ’ ಎಂದರು ಗುಮಾಸ್ತರು.

ಅವಸರ ಏನೆಂದು ನಮಗೆ ಗೊತ್ತು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಬುಡದಲ್ಲಿ, ಕವಾಟಕ್ಕೆ ತುಸು ಮೇಲೆ ಮೂರು ಪುಟ್ಟ ಉಬ್ಬುಗಳಿರುತ್ತವೆ. ಅವಕ್ಕೆ ವಲ್ಸಾಲ್ವಾ ಸೈನಸ್ ಎಂದು ಹೆಸರು. ತಮ್ಮನಿಗೆ ಬಲಗಡೆಯದರ ಗೋಡೆ ಹುಟ್ಟಿನಿಂದಲೇ ದುರ್ಬಲವಾಗಿತ್ತು. ಅದು ಬಲೂನಿನಂತೆ ಊದಿ ಒಡೆದು, ರಕ್ತ ಬಲ ಹೃತ್ಕುಕ್ಷಿಗೆ, ಅಂದರೆ ಹೃದಯದ ಬಲಗಡೆಯ ಕೆಳಕೋಣೆಗೆ, ನುಗ್ಗುತ್ತಿತ್ತು. ಎದೆಯ ಮೇಲೆ ಅಂಗೈ ಇಟ್ಟರೆ ಓಡುತ್ತಿರುವ ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದಂತೆ ಅದುರುತ್ತಿತ್ತು. ನನ್ನ ಕೈಗೆ ತಿಳಿದದ್ದು ಇದೇ ಆಸ್ಪತ್ರೆಯ ವೈದ್ಯರಿಗೆ ತಿಳಿಯಲಿಲ್ಲ; ಮುಟ್ಟಿ ನೋಡಿದ್ದರಲ್ಲವೇ ತಿಳಿಯುವುದು! ಉಬ್ಬಸಪಡುತ್ತಿದ್ದವನಿಗೆ ಗ್ಯಾಸ್ ಎಂದು ಎರಡು ಸಲ ಮಾತ್ರೆ ಕೊಟ್ಟು ಕಳುಹಿಸಿದರು. ಬೆಂಗಳೂರಿನಲ್ಲಿ ಅವನ ಹೃದಯ ನಿಲ್ಲಿಸಿ, ರಕ್ತಸಂಚಾರವನ್ನು ಯಂತ್ರಕ್ಕೆ ವಹಿಸಿ, ಊದಿದ ಚೀಲ ಕತ್ತರಿಸಿ ತೇಪೆ ಹೊಲಿದರು. 1950ರ ದಶಕದಿಂದ ಜಗತ್ತಿನಲ್ಲಿ ನಡೆಯುತ್ತಿರುವ ಶಸ್ತ್ರಚಿಕಿತ್ಸೆ ಇದು. ಏಷ್ಯಾದವರಲ್ಲೇ ಈ ಕಾಯಿಲೆ ಹೆಚ್ಚಂತೆ. ಆದರೆ ಬೆಂಗಳೂರಿಗೆ ಹೋಗಲು ಶಿಫಾರಸು ಪತ್ರ ಕೇಳಿದಾಗ ನಮ್ಮ ಆಸ್ಪತ್ರೆಯವರ ಕಾಯಿಲೆಗಳ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ‘ಹೃದಯದಲ್ಲಿ ರಂಧ್ರ ಎಂದು ಬರೆಸಿಕೊಂಡು ಬನ್ನಿ’ ಎಂದು ನಾಲ್ಕು ದಿನ ಅಲೆಸಿದರು. ಆ ನಾಲ್ಕು ದಿನ ಅವನು ಮಲಗಲಾರದೆ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆದ.

ಇದು ಇಂದಿನ ಕಥೆಯಲ್ಲ. ಈ ಯಂತ್ರ ಬಂದ ದಿನ ರಿಬ್ಬನ್ ಕತ್ತರಿಸಲು ವೇದಿಕೆಯ ತುಂಬ ಅಧಿಕಾರಿಗಳಿದ್ದರು. ಅದಕ್ಕೂ ಮುಂಚೆ ಲಿಫ್ಟ್ ಉದ್ಘಾಟನೆಯಾಗಿತ್ತು. ಈಗ ಅದರೊಳಗೆ ಪೊರಕೆ, ಬಕೆಟ್ಟು. ನಮ್ಮ ತಂದೆ ಕಾಲು ಮುರಿದುಕೊಂಡಾಗ ಆಂಬುಲೆನ್ಸಿಗೆ ಟೈರ್ ಇಲ್ಲವೆಂದು ಗೂಡ್ಸ್ ಆಟೋದಲ್ಲಿ ಒಯ್ದಿದ್ದೆವು. ದೂರಿನ ಪೆಟ್ಟಿಗೆಗೆ ಆಗ ಹಾಕಿದ ಪತ್ರವನ್ನು ಯಾರಾದರೂ ತೆಗೆದು ಓದಿದ್ದಾರೆಯೇ?

ಸಂಬಂಧಪಟ್ಟವರು ಕೂಡಲೇ ಎಕೋ ಕೊಠಡಿಯ ಬೀಗ ತೆಗೆಸಬೇಕು, ವೈದ್ಯರನ್ನು ಕರೆಸಬೇಕು, ಆ ಪಟ್ಟಿಯನ್ನೂ ಸರಿಪಡಿಸಬೇಕು, ರಸ್ತೆಯನ್ನೂ. ಆಗದಿದ್ದರೆ ಆಸ್ಪತ್ರೆಯ ಬೋರ್ಡನ್ನಾದರೂ ಇಳಿಸಲಿ, ಜನ ನಂಬಿಕೊಂಡು ಬರುವುದಾದರೂ ತಪ್ಪುತ್ತದೆ. ಸಂಬಳ ಎಣಿಸುವಾಗ ಇವರಿಗೆ ಸ್ವಲ್ಪವಾದರೂ ನಾಚಿಕೆಯಾಗುವುದಿಲ್ಲವೇ?

– ನೊಂದ ಅಣ್ಣ