ನಿನ್ನ ಪಾತ್ರ ಸಾಯಲಿರುವ ಸುದ್ದಿ ಕೇಳಿದ ಮೇಲೆ

ಪ್ರಿಯ ಗೆಳೆಯ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ "ನನ್ನನ್ನು ಮೂರು ವಾರದಲ್ಲಿ ಸಾಯಿಸುತ್ತಾರಂತೆ" ಎಂದೆಯಲ್ಲ, ನಿದ್ದೆಗಣ್ಣಿನಲ್ಲಿದ್ದ ನಾನು "ಪೊಲೀಸರಿಗೆ ಹೇಳಿದೆಯಾ?" ಎಂದು ಕೇಳಿಬಿಟ್ಟೆ. ಕ್ಷಮಿಸು. ಇಬ್ಬರೂ ನಕ್ಕೆವು ನಿಜ. ನಗು ನಿಂತ ಮೇಲೆ ನೀನು ಕೇಳಿದ ಪ್ರಶ್ನೆ ಮಾತ್ರ ಎರಡು ದಿನದಿಂದ ತಲೆ ಕೊರೆಯುತ್ತಿದೆ: "ನಮ್ಮಂಥವರು ಆಮೇಲೆ ಏನು ಮಾಡುತ್ತಾರೆ?" ಫೋನಿನಲ್ಲಾದರೆ ನಾನು ಸಮಾಧಾನದ ಮಾತಿಗೆ ಜಾರಿಬಿಡುತ್ತೇನೆ. ಬರೆದರೆ ಕೊಂಚ ನಿಜ ಹೇಳಬಹುದೇನೋ ಎಂದು ಕುಳಿತಿದ್ದೇನೆ.

ಮೊದಲು ನನ್ನ ಪಾಪ ಒಪ್ಪಿಕೊಳ್ಳುತ್ತೇನೆ. ಸಂಭಾಷಣೆ ಬರೆಯುತ್ತಿದ್ದ ವರ್ಷಗಳಲ್ಲಿ ನಾನೂ ಕೊಲೆಗಾರನೇ. ಒಬ್ಬನನ್ನು ಕಾರಿನ ಬ್ರೇಕ್ ತಪ್ಪಿಸಿ ಮುಗಿಸಿದೆ, ಒಬ್ಬಳನ್ನು ಮೆಟ್ಟಿಲ ಮೇಲಿಂದ ತಳ್ಳಿದೆ. ಸಾಯಿಸಲು ಮನಸ್ಸು ಬಾರದವರನ್ನು ವಿದೇಶಕ್ಕೆ ಕಳಿಸಿದೆ. ಧಾರಾವಾಹಿಯ ವಿದೇಶ ಎಂಥದೆಂದು ನಿನಗೆ ಗೊತ್ತಿದೆ. ಅಲ್ಲಿಂದ ಪತ್ರ ಬರುವುದಿಲ್ಲ, ಫೋನ್ ಬರುವುದಿಲ್ಲ, ಹೆತ್ತ ತಾಯಿ ಕೂಡ ನಾಲ್ಕು ಕಂತು ಕಳೆದ ಮೇಲೆ ಹೆಸರೆತ್ತುವುದಿಲ್ಲ. ಅದನ್ನೆಲ್ಲ ಬರೆಯುವಾಗ ಆ ನಟರು ಮರುದಿನ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂಬುದು ಒಮ್ಮೆಯೂ ನನ್ನ ತಲೆಗೆ ಹೊಳೆಯಲಿಲ್ಲ. ಕಂತು ಮುಗಿಸಬೇಕಿತ್ತು, ಮುಗಿಸಿದೆ.

ನಿನ್ನ ದಿಗಿಲಿನ ಮೂಲ ನನಗೆ ಅರ್ಥವಾಗುತ್ತದೆ. ಸಿನಿಮಾ ನಟನನ್ನು ಜನ ಅವನ ಹೆಸರಿನಿಂದ ಕರೆಯುತ್ತಾರೆ, ನಿನ್ನನ್ನು ಕರೆಯುವುದು ಪಾತ್ರದ ಹೆಸರಿನಿಂದ. ಆರು ವರ್ಷ, ವಾರಕ್ಕೆ ಐದು ದಿನ ಅವರ ಮನೆಯೊಳಗೆ ಬಂದು ಹೋದವನಲ್ಲವೇ ನೀನು. ಬೀದಿಯಲ್ಲಿ ಕಂಡರೆ ಹಸ್ತಾಕ್ಷರ ಕೇಳುವುದಿಲ್ಲ, "ನಿನ್ನ ಹೆಂಡತಿಗೆ ಯಾಕಪ್ಪ ಹಾಗೆ ಅಂದೆ?" ಎಂದು ಜಗಳಕ್ಕೇ ನಿಲ್ಲುತ್ತಾರೆ. ಈ ರೋಗ ಹಳೆಯದು, ಎಲ್ಲ ಕಡೆಯೂ ಇದೆ. ಅಮೆರಿಕದ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಧಾರಾವಾಹಿಯಲ್ಲಿ 1960ರಿಂದ ಲೀಸಾ ಎಂಬ ಕಿಡಿಗೇಡಿ ಹೆಣ್ಣಿನ ಪಾತ್ರ ಮಾಡಿದ ಐಲೀನ್ ಫುಲ್ಟನ್ ಬೀದಿಯಲ್ಲಿ ಪ್ರೇಕ್ಷಕಿಯೊಬ್ಬಳಿಂದ ಏಟು ತಿಂದಿದ್ದರು. ಅವರೇ ಮುಂದೆ ತಮ್ಮ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದರು: ನನ್ನ ಪಾತ್ರವನ್ನು ಅಜ್ಜಿ ಮಾಡುವಂತಿಲ್ಲ. ಮೊಮ್ಮಗು ಹುಟ್ಟಿದರೆ ಕಥೆಯಲ್ಲಿ ತಾನು ಮೂಲೆಗೆ ಸರಿಯುತ್ತೇನೆಂಬುದು ಆ ಜಾಣೆಗೆ ಗೊತ್ತಿತ್ತು.

1984ರಲ್ಲಿ ಅಮೆರಿಕದಲ್ಲಿ ಒಂದು ಕೆಮ್ಮಿನ ಔಷಧಿಯ ಜಾಹೀರಾತು ಬಂತು. 'ಜನರಲ್ ಹಾಸ್ಪಿಟಲ್' ಧಾರಾವಾಹಿಯಲ್ಲಿ ವೈದ್ಯನಾಗಿದ್ದ ಕ್ರಿಸ್ ರಾಬಿನ್‌ಸನ್ ಕ್ಯಾಮೆರಾ ನೋಡಿ, ನಾನು ಡಾಕ್ಟರ್ ಅಲ್ಲ, ಟಿವಿಯಲ್ಲಿ ಡಾಕ್ಟರ್ ಪಾತ್ರ ಮಾಡುತ್ತೇನೆ ಎಂದು ಹೇಳಿ ಔಷಧಿಯ ಗುಣಗಾನ ಮಾಡುತ್ತಿದ್ದರು. ಎರಡು ವರ್ಷದ ನಂತರ ಅದೇ ಮಾತನ್ನು ಇನ್ನೊಂದು ಧಾರಾವಾಹಿಯ ಇನ್ನೊಬ್ಬ ಡಾಕ್ಟರ್, ಪೀಟರ್ ಬರ್ಗ್‌ಮನ್, ಹೇಳಿದರು. ನಾನು ಡಾಕ್ಟರ್ ಅಲ್ಲ ಎಂದು ಬಾಯಿ ಬಿಟ್ಟು ಹೇಳಿದರೂ ಜಾಹೀರಾತು ನಡೆಯಿತು ನೋಡು. ಪಾತ್ರದ ಹೆಸರನ್ನು ಅಷ್ಟು ಸಲೀಸಾಗಿ ಸಂಪಾದನೆಗೆ ತಿರುಗಿಸಿದ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ದೇವರ ಪಾತ್ರ ಸಿಕ್ಕಿದವರ ಕಷ್ಟ ಇನ್ನೊಂದು ಬಗೆಯದು. 1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಆರಂಭವಾದ ಮೇಲೆ ಜನ ಅರುಣ್ ಗೋವಿಲ್ ಅವರ ಕಾಲಿಗೆ ಬೀಳುತ್ತಿದ್ದರು. ಕಾಲಿಗೆ ಬಿದ್ದವರು ಆಮೇಲೆ ಅವರನ್ನು ಖಳನಾಗಿಯೋ ಕಳ್ಳನಾಗಿಯೋ ನೋಡಲು ಒಪ್ಪಬೇಕಲ್ಲ? ರಾಮನಾದ ಮೇಲೆ ಬೇರೆ ಪಾತ್ರಗಳು ಸಿಗದೆ ಹೋದವೆಂದು ಅವರೇ ಹೇಳಿಕೊಂಡಿದ್ದಾರೆ. ಆ ತಂಡದಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ, ರಾವಣನಾಗಿದ್ದ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಲೋಕಸಭೆಗೆ ಆರಿಸಿ ಬಂದರು, ಅದೂ ಒಂದೇ ಪಕ್ಷದಿಂದ. ರಾಮ ಅದೇ ಸಭೆ ತಲುಪಲು 2024ರವರೆಗೆ ಕಾಯಬೇಕಾಯಿತು. ವನವಾಸ ರಾಮನ ಪಾಲಿಗೇ ಬರುತ್ತದೆ ಎಂದು ಕಾಣುತ್ತದೆ.

ಆದರೆ ಗೆಳೆಯ, "ಆಮೇಲೆ" ಎಂಬ ನಿನ್ನ ಮಾತಿನ ಬಗ್ಗೆಯೇ ನನಗೆ ತಕರಾರಿದೆ. ಯಾರ್ಯಾರು ಏನೇನಾದರು ಎಂದು ನೆನಪಿಸಿಕೊಳ್ಳುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಪಾತ್ರ ಮುಗಿದ ಮೇಲೆ ಹೊಸದಾಗಿ ಏನನ್ನೋ ಹುಡುಕಿಕೊಂಡು ಹೊರಟವರು ಕಡಿಮೆ. ಬಹಳ ಮಂದಿ ಪಾತ್ರ ನಡೆಯುತ್ತಿದ್ದಾಗಲೇ ಬೇರೊಂದು ಕೆಲಸದಲ್ಲಿ ಕಾಲು ಊರಿದ್ದರು, ನೋಡುವವರಿಗೆ ಅದು ಕಾಣುತ್ತಿರಲಿಲ್ಲ ಅಷ್ಟೇ.

ಸ್ಮೃತಿ ಇರಾನಿ ಅವರನ್ನೇ ನೋಡು. ಅವರ ರಾಜಕೀಯ ನಿನಗೆ ಹಿಡಿಸಲಿ, ಬಿಡಲಿ. ಅವರು ತುಳಸಿಯಾಗಿದ್ದ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' ಧಾರಾವಾಹಿ 2000ದಿಂದ 2008ರವರೆಗೆ ನಡೆಯಿತು. ಅವರು ಪಕ್ಷ ಸೇರಿದ್ದು 2003ರಲ್ಲಿ, ಚಾಂದನಿ ಚೌಕ್‌ನಿಂದ ಲೋಕಸಭೆಗೆ ನಿಂತು ಸೋತದ್ದು 2004ರಲ್ಲಿ. ಅಂದರೆ ತುಳಸಿ ಪರದೆಯ ಮೇಲೆ ಮನೆಮಂದಿಯ ಜಗಳ ಬಿಡಿಸುತ್ತಿದ್ದ ಕಾಲಕ್ಕೇ ಅವರು ಮತ ಕೇಳುತ್ತಿದ್ದರು. ಕೇಂದ್ರ ಸಚಿವೆಯಾದದ್ದು 2014ರಲ್ಲಿ, ಅಮೇಠಿಯಲ್ಲಿ ಗೆದ್ದದ್ದು 2019ರಲ್ಲಿ, ಅಲ್ಲೇ ಸೋತದ್ದು 2024ರಲ್ಲಿ. 2025ರಲ್ಲಿ ಮತ್ತೆ ತುಳಸಿಯಾಗಿ ಸೆಟ್ಟಿಗೆ ಬಂದರು. ಪಾತ್ರ ಹಳೆಯ ಮನೆಯಂತೆ ಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಇಷ್ಟು ಅದೃಷ್ಟ ಎಲ್ಲರಿಗಿಲ್ಲ, ಒಪ್ಪುತ್ತೇನೆ.

ಹಾಲಿವುಡ್ ನಟಿ ಜೂಲಿಯನ್ ಮೂರ್ ಅವರದು ನನಗೆ ತುಂಬ ಇಷ್ಟವಾದ ಕಥೆ. ಐಲೀನ್ ಫುಲ್ಟನ್ ಇದ್ದ ಅದೇ ಧಾರಾವಾಹಿಯಲ್ಲಿ ಎಂಬತ್ತರ ದಶಕದಲ್ಲಿ ಆಕೆ ಫ್ರ್ಯಾನಿ ಮತ್ತು ಸಬ್ರೀನಾ ಎಂಬ ಇಬ್ಬರು ಮಲಸಹೋದರಿಯರ ಪಾತ್ರಗಳನ್ನು ಒಬ್ಬರೇ ಮಾಡಿದರು. ದಿನವೂ ಹೊಸ ಸಂಭಾಷಣೆ, ಎರಡು ಮುಖ, ಎರಡು ದನಿ. ಇದಕ್ಕಿಂತ ದೊಡ್ಡ ಅಭಿನಯ ಶಾಲೆ ಎಲ್ಲಿ ಸಿಗುತ್ತದೆ ಹೇಳು. 1988ರಲ್ಲಿ ಹಗಲು ಧಾರಾವಾಹಿಗಳ ಎಮ್ಮಿ ಪ್ರಶಸ್ತಿ ಪಡೆದು ಆಕೆ ಹೊರಟುಹೋದರು. 2015ರಲ್ಲಿ ಆಸ್ಕರ್ ಬಂತು. ನನಗೆ ಮುಖ್ಯವೆನಿಸುವುದು ಈ ಎರಡರ ನಡುವಿನ 2010. ಐವತ್ತನಾಲ್ಕು ವರ್ಷ ನಡೆದ ಆ ಧಾರಾವಾಹಿ ಮುಚ್ಚುವುದು ಖಚಿತವಾಗಿತ್ತು. ಆಗ ಈ ದೊಡ್ಡ ತಾರೆ ಒಂದು ಪುಟ್ಟ ದೃಶ್ಯಕ್ಕಾಗಿ ಮತ್ತೆ ಫ್ರ್ಯಾನಿಯಾಗಿ ಬಂದು, ಪರದೆಯ ಮೇಲಿನ ತನ್ನ ತಂದೆಯನ್ನೂ ಮಲತಾಯಿಯನ್ನೂ ಮಾತನಾಡಿಸಿಕೊಂಡು ಹೋದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಧಾರಾವಾಹಿ ನಿಂತಿತು.

ಎಲ್ಲರೂ ಹೀಗೆ ನಗುನಗುತ್ತ ಹೋಗಿಬಂದವರಲ್ಲ. 'ಜನರಲ್ ಹಾಸ್ಪಿಟಲ್'ನ ಲ್ಯೂಕ್ ಮತ್ತು ಲಾರಾ ಮದುವೆಯನ್ನು 1981ರ ನವೆಂಬರ್‌ನಲ್ಲಿ ಸುಮಾರು ಮೂರು ಕೋಟಿ ಜನ ನೋಡಿದರು. ಲ್ಯೂಕ್ ಆಗಿದ್ದ ಆಂಟನಿ ಗಿಯರಿ ಕೆಲವು ವರ್ಷಗಳಲ್ಲಿ ಬಿಟ್ಟು ಹೋದರು. 1991ರಲ್ಲಿ ಅದೇ ಧಾರಾವಾಹಿಗೆ ಮರಳಿ ಬಂದಾಗ ಲ್ಯೂಕ್ ಆಗಲಿಲ್ಲ, ಲ್ಯೂಕ್‌ನಂತೆಯೇ ಕಾಣುವ ಬಿಲ್ ಎಂಬ ಬಂಧುವಾದರು. ನಟನೊಬ್ಬ ತನ್ನ ಮುಖದಿಂದಲೇ ತಪ್ಪಿಸಿಕೊಳ್ಳಲು ಇದಕ್ಕಿಂತ ಹೆಚ್ಚು ಏನು ಮಾಡಬಲ್ಲ? ಪ್ರೇಕ್ಷಕರು ಒಪ್ಪಿಕೊಳ್ಳಲಿಲ್ಲ. 1993ರಲ್ಲಿ ಬಿಲ್ ಹೋದ, ಲ್ಯೂಕ್ ಮತ್ತೆ ಬಂದ. ಕೊನೆಗೆ 2015ರಲ್ಲಿ ಗಿಯರಿ ಅಭಿನಯದಿಂದ ನಿವೃತ್ತರಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದರು.

ತೆಗೆದುಹಾಕಿಸಿಕೊಂಡ ನೋವಿನ ವಿಷಯಕ್ಕೆ ಬಂದರೆ ನೋಯೆಲ್ ಗಾರ್ಡನ್ ನೆನಪಾಗುತ್ತಾರೆ. ಬ್ರಿಟನ್ನಿನ 'ಕ್ರಾಸ್‌ರೋಡ್ಸ್'ನಲ್ಲಿ 1964ರಿಂದ ಹದಿನೇಳು ವರ್ಷ ಮೋಟೆಲ್ ಒಡತಿ ಮೆಗ್ ಆಗಿದ್ದರು. 1981ರಲ್ಲಿ ಅವರನ್ನು ಕೈಬಿಟ್ಟರು. ಕಥೆಯಲ್ಲಿ ಮೋಟೆಲ್‌ಗೆ ಬೆಂಕಿ ಬಿತ್ತು, ಮೆಗ್ ಸತ್ತಳೆಂದೇ ಜನ ನಂಬಿದರು. ಆಮೇಲೆ ನೋಡಿದರೆ ಅವಳು ಹಡಗು ಹತ್ತಿ ಹೊರಟಿದ್ದಳು. ಗಾರ್ಡನ್ ಸೀದಾ ಸಂಗೀತ ನಾಟಕಗಳ ರಂಗಕ್ಕೆ ಮರಳಿದರು. ಅದು ಅವರಿಗೆ ಮೊದಲಿನಿಂದಲೂ ತಿಳಿದಿದ್ದ ಜಾಗ.

ಹೊರಡದೆ ಉಳಿದವರೂ ಇದ್ದಾರೆ. ಬ್ರಿಟನ್ನಿನ 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿ 1960ರ ಡಿಸೆಂಬರ್ 9ರಂದು ಶುರುವಾದಾಗ ಮೊದಲ ಕಂತಿನಲ್ಲಿದ್ದ ವಿಲಿಯಂ ರೋಚ್ ತೊಂಬತ್ತು ದಾಟಿದ ಮೇಲೂ ಅದೇ ಕೆನ್ ಬಾರ್ಲೋ. 'ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್'ನ ಜೀನ್ ಕೂಪರ್ 1984ರಲ್ಲಿ ಮುಖದ ಸುಕ್ಕು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅದರ ನಿಜವಾದ ದೃಶ್ಯಗಳನ್ನೇ ಕಥೆಯೊಳಗೆ ಸೇರಿಸಿದರು. ಸುಕ್ಕು ನಟಿಯದೋ ಪಾತ್ರದ್ದೋ ಎಂದು ಕೇಳುವಂತಿಲ್ಲ. ನನಗೆ ಇದು ಸ್ವಲ್ಪ ಭಯ ಹುಟ್ಟಿಸುತ್ತದೆ. ನೀನು ಆರು ವರ್ಷಕ್ಕೆ ಹೊರಬೀಳುತ್ತಿದ್ದೀಯ ಎಂಬುದರಲ್ಲಿ ಒಂದು ಲಾಭವಿದೆ ಎಂದು ನಾನು ಮೆಲ್ಲಗೆ ಹೇಳಿದರೆ ಸಿಟ್ಟಾಗಬೇಡ.

ಯಶ್ ಮತ್ತು ರಾಧಿಕಾ ಪಂಡಿತ್ 'ನಂದಗೋಕುಲ' ಧಾರಾವಾಹಿಯಿಂದ ಹೊರಟು ಎಲ್ಲಿಗೆ ಮುಟ್ಟಿದರೆಂದು ಯಾರಾದರೂ ನಿನಗೆ ಹೇಳಿಯೇ ಇರುತ್ತಾರೆ. ಸಮಾಧಾನ ಹೇಳುವವರೆಲ್ಲ ಮೊದಲು ತೆಗೆಯುವ ಹೆಸರು ಅದೇ. ನಾನು ಅದನ್ನು ಹೇಳುವುದಿಲ್ಲ. ಅವರು ಹೊರಟಾಗ ಇಪ್ಪತ್ತರ ಹರೆಯದವರು. ನಿನಗೆ ನಲವತ್ತೆರಡು, ಮೊಣಕಾಲು ನೋವು ಬೇರೆ.

ಹೆಸರು ಯಾರಿಗೂ ನೆನಪಿಲ್ಲದ ಬಹುಮಂದಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾವಿಬ್ಬರೂ ಅವರನ್ನು ಬಲ್ಲೆವು. ನಮ್ಮ ಧಾರಾವಾಹಿಯ ಮೊದಲ ಖಳನಾಯಕ ಈಗ ಡಬ್ಬಿಂಗ್ ಸ್ಟುಡಿಯೋದಲ್ಲಿ ದಿನಕ್ಕೆ ಮೂವರಿಗೆ ಕಂಠ ಕೊಡುತ್ತಾನೆ. ಪ್ರಾಂಪ್ಟಿಂಗ್, ಅಂದರೆ ಮರೆಯಿಂದ ಓದಿ ಹೇಳುವ ಸಂಭಾಷಣೆ, ಕೇಳಿಸಿಕೊಂಡು ಅದೇ ಉಸಿರಿನಲ್ಲಿ ಭಾವ ತುಂಬಿ ಹೇಳುವ ಅಭ್ಯಾಸ ಅವನಿಗೆ ಇಲ್ಲೇ ಆದದ್ದು. ಅತ್ತಿಗೆಯ ಪಾತ್ರದವರು ಮೊದಲ ವರ್ಷದಿಂದಲೇ ಭಾನುವಾರಗಳಲ್ಲಿ ಮಕ್ಕಳಿಗೆ ನಟನೆ ಕಲಿಸುತ್ತಿದ್ದರು, ಈಗ ವಾರವಿಡೀ ಕಲಿಸುತ್ತಾರೆ. ಬ್ಯಾಂಕಿನ ಕೆಲಸಕ್ಕೆ ದೀರ್ಘ ರಜೆ ಹಾಕಿ ಬಂದಿದ್ದ ಮಾವ ರಾಜೀನಾಮೆ ಕೊಟ್ಟೇ ಇರಲಿಲ್ಲ. ಎಲ್ಲರಿಗಿಂತ ಬುದ್ಧಿವಂತ ಅವನೇ. ಕಷ್ಟವಾದದ್ದು ಒಬ್ಬನಿಗೆ ಮಾತ್ರ, ಪಾತ್ರ ಮುಗಿದ ಹದಿನೈದೇ ದಿನಕ್ಕೆ ಇನ್ನೊಂದು ಧಾರಾವಾಹಿಯಲ್ಲಿ ಅದೇ ಮೀಸೆ, ಅದೇ ಅಂಗಿ, ಅದೇ ಒಳ್ಳೆಯ ಅಣ್ಣನ ಪಾತ್ರ ಒಪ್ಪಿಕೊಂಡವನಿಗೆ. ಜನರಿಗೆ ಹಳೆಯವನೇ ದಾರಿ ತಪ್ಪಿ ಬೇರೆ ಮನೆಗೆ ನುಗ್ಗಿದಂತೆ ಕಂಡಿತು. ಎಂಟು ತಿಂಗಳಲ್ಲಿ ಅವನ ಪಾತ್ರಕ್ಕೆ ಬೇರೆ ನಟ ಬಂದ. ನಿನಗೂ ಅಂಥ ಕರೆ ಬಂದೇ ಬರುತ್ತದೆ. ಆರು ತಿಂಗಳಾದರೂ ತಡೆದುಕೊ.

ಈಗ ನಿನ್ನ ವಿಷಯ. ಕಳೆದ ಎರಡು ವರ್ಷದಿಂದ ನಿನ್ನ ಶಾಟ್ ಮುಗಿದ ಮೇಲೆ ನೀನು ಮೇಕಪ್ ಕೋಣೆಗೆ ಹೋಗಿ ಮಲಗುತ್ತಿರಲಿಲ್ಲ, ಮಾನಿಟರ್ ಹಿಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಉಳಿದವರಿಗೆ ಅದು ಚಟವೆನಿಸಿತ್ತು, ನನಗೂ ಹಾಗೆಯೇ ಅನಿಸಿತ್ತು. ಆದರೆ ನಿರ್ದೇಶಕರಿಗೆ ಜ್ವರ ಬಂದ ಆ ದಿನ ಏಳು ದೃಶ್ಯಗಳನ್ನು ತೆಗೆದವನು ನೀನು. ಯಾವ ರಿಯಾಕ್ಷನ್ ಶಾಟ್ ಬೇಕು, ಯಾವುದು ಬೇಡ ಎಂದು ನಿನಗೆ ತಿಳಿದಿತ್ತು. ಐದು ಗಂಟೆಗೇ ಎಲ್ಲರನ್ನೂ ಮನೆಗೆ ಕಳಿಸಿದೆ. ಆ ಕಂತುಗಳನ್ನು ಬರೆದವನು ನಾನು, ಪರದೆಯ ಮೇಲೆ ನೋಡಿದಾಗ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕಸುಬಿನವನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ತಿಳಿಯದು. ಅಮೆರಿಕದ 'ಡಲ್ಲಾಸ್' ಧಾರಾವಾಹಿಯ ಲ್ಯಾರಿ ಹ್ಯಾಗ್‌ಮನ್ ಜೆ.ಆರ್. ಆಗಿ ನಟಿಸುತ್ತಿದ್ದಾಗಲೇ ಅದರ ಎಷ್ಟೋ ಕಂತುಗಳನ್ನು ನಿರ್ದೇಶಿಸಿದರು, ತಮ್ಮನ ಪಾತ್ರದ ಪ್ಯಾಟ್ರಿಕ್ ಡಫಿ ಕೂಡ. ಸೆಟ್ಟಿನೊಳಗಿಂದ ಬಂದ ನಿರ್ದೇಶಕನಿಗೆ ನಟನ ಆಯಾಸ ಅರ್ಥವಾಗುತ್ತದೆ, ಸಮಯವೂ ಉಳಿಯುತ್ತದೆ, ನಿರ್ಮಾಪಕರಿಗೆ ಎರಡನೆಯದು ಸಾಕು. ಆ ಏಳು ದೃಶ್ಯಗಳ ಪ್ರತಿಯನ್ನು ಹೊರಡುವ ಮೊದಲು ಕೇಳಿ ತೆಗೆದುಕೊ. ಆಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ಇನ್ನೊಂದು, ನಿನ್ನ ಸಾವಿನ ದೃಶ್ಯ ಬರೆಯುವ ಹುಡುಗನಿಗೆ ಹೇಳು, ಹೆಣ ತೋರಿಸಬೇಡ ಎಂದು. ನದಿಗೆ ಬೀಳಿಸಲಿ, ಹೊಗೆ ಹಾಕಲಿ. ಹೆಣ ತೋರಿಸಿದರೂ ದಾರಿ ಮುಚ್ಚುವುದಿಲ್ಲ ಅನ್ನು. ಆ ಡಫಿ ಮಾಡುತ್ತಿದ್ದ ಬಾಬಿಯನ್ನು 1985ರಲ್ಲಿ ಎಲ್ಲರ ಕಣ್ಣೆದುರೇ ಸಾಯಿಸಿದರು. ಮರುವರ್ಷ ಅವನು ಸ್ನಾನದ ಕೋಣೆಯಿಂದ ಏನೂ ಆಗದವನಂತೆ ಹೊರಬಂದ, ನಡುವಿನ ಒಂದು ವರ್ಷದ ಕಂತುಗಳೆಲ್ಲ ಅವನ ಮಾಜಿ ಹೆಂಡತಿಯ ಕನಸಾಗಿ ಹೋದವು. ಬರೆದವರ ಧೈರ್ಯಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಕೊನೆಯ ದಿನದ ಚಿತ್ರೀಕರಣ ಯಾವತ್ತೆಂದು ತಿಳಿಸು, ನಾನು ಬರುತ್ತೇನೆ. ನಿನ್ನ ಅಮ್ಮನ ಪಾತ್ರದವರು ನಿನ್ನೆ ನನಗೆ ಫೋನ್ ಮಾಡಿದ್ದರು. ನಿನ್ನ ಕೈಯಲ್ಲಿ ಹೇಳಬೇಡ ಎಂದಿದ್ದಾರೆ, ಆದರೂ ಹೇಳುತ್ತೇನೆ. ಆ ದೃಶ್ಯಕ್ಕೆ ಗ್ಲಿಸರಿನ್ ತರುವುದು ಬೇಡವೆಂದು ಮೇಕಪ್‌ನವನಿಗೆ ಈಗಲೇ ಹೇಳಿಟ್ಟಿದ್ದಾರಂತೆ.

ನಿನ್ನವ