ಗಾಜಿನ ಷೋಕೇಸ್ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಾನು ಲೋಹದ ಬಿಡಿಭಾಗ ಜೋಡಿಸಿ ಕಟ್ಟುವ ಆಟದ ಗಾಡಿಗಳನ್ನು ಇಡಲು ಅಂತ ನೀನು ಕಳಿಸಿದ ಷೋಕೇಸಿನ ಫೋಟೊ ನೋಡಿದೆ. ಆಳೆತ್ತರ, ಒಳಗೆ ದೀಪ, ಜಾರುವ ಗಾಜು. ಚಂದ ಇದೆ. ಆದರೆ ಆರ್ಡರ್ ಕೊಡಬೇಡ. ಕೊಟ್ಟಿದ್ದರೆ ಬೇಡ ಅಂತ ಹೇಳಿಬಿಡು. ಫೋನಿನಲ್ಲಿ ನೀನು ನನ್ನನ್ನು ಪೂರ್ತಿ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ.

ಗಾಡಿಗಳಿಗೆಲ್ಲ ಧೂಳು ಹಿಡಿಯುತ್ತಿದೆ ಅಂತ ನಿಮ್ಮಪ್ಪ ಚಾಡಿ ಹೇಳಿರಬೇಕು. ಬಳ್ಳಾರಿಯಲ್ಲಿ ಧೂಳಿಗೆ ಹೆದರಿದರೆ ಆಗುತ್ತಾ? ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಲಾರಿ ಓಡಾಡುವ ತನಕ ಈ ಕಡೆ ಕಿಟಕಿಗಳಿಗೆ ಕೆಂಪು ಪುಡಿ ತಪ್ಪಿದ್ದಲ್ಲ. ಅದು ಕಬ್ಬಿಣದ ಆಕ್ಸೈಡ್. ಅಂಥದ್ದನ್ನೇ ನುಣ್ಣಗೆ ಮಾಡಿ ಬಂಗಾರಕ್ಕೆ ಪಾಲಿಶ್ ಕೊಡುತ್ತಾರೆ. ಅಂದರೆ ಉಜ್ಜುವ ಗುಣದ ಪುಡಿ. ಗೇರಿಗೆ ಎಣ್ಣೆ ಜಾಸ್ತಿ ಬಿಟ್ಟರೆ ಈ ಪುಡಿ ಎಣ್ಣೆಯಲ್ಲಿ ಕಲೆತು ಹಿತ್ತಾಳೆಯ ಹಲ್ಲನ್ನು ಮೆಲ್ಲಗೆ ತಿನ್ನುತ್ತದೆ. ಅದಕ್ಕೆ ನಾನು ಆಕ್ಸಲ್ ತೂರುವ ತೂತಿಗೆ ಮಾತ್ರ ಸೂಜಿ ಮೊನೆಯಲ್ಲಿ ಒಂದು ಹನಿ ಬಿಡುತ್ತೇನೆ. ಹಲ್ಲು ಒಣಗಿಯೇ ಇರಲಿ. ರಾತ್ರಿ ಹಳೇ ಕಾಟನ್ ಸೀರೆ ಹೊದಿಸಿದರೆ ಆಯಿತು. ಧೂಳಿನ ಕಥೆ ಅಷ್ಟೇ.

ಬೇಡ ಅನ್ನುವುದಕ್ಕೆ ಕಾರಣ ಬೇರೆ. ಮುಗಿದ ವಸ್ತುವಿಗೆ ಷೋಕೇಸ್ ಸರಿ. ಕೊಪ್ಪಳದ ಕಿನ್ನಾಳದಿಂದ ತಂದ ಗೊಂಬೆ ಇದೆಯಲ್ಲ, ಅದು ಗಾಜಿನ ಹಿಂದೆಯೇ ಚಂದ. ಚಿತ್ರಗಾರರು ಹಗುರ ಮರ ಕೆತ್ತಿ, ಹದ ಮಾಡಿ, ಬಣ್ಣ ಹಚ್ಚಿ ಕೈಬಿಟ್ಟ ಗಳಿಗೆಗೆ ಗೊಂಬೆ ಪೂರ್ತಿಯಾಯಿತು. ಅದನ್ನು ಬಿಚ್ಚಿದರೆ ಹಾಳು. ನನ್ನ ಗಾಡಿಗಳನ್ನು ಬಿಚ್ಚದಿದ್ದರೆ ಹಾಳು. ನಾನು ಗಾಡಿ ಕೂಡಿಡುತ್ತೇನೆ ಅಂತ ನೀವೆಲ್ಲ ತಿಳಿದಿದ್ದೀರಿ. ನಾನು ಕೂಡಿಡುವುದು ಬಿಡಿಭಾಗ. ಅವೆಲ್ಲ ಸೇರಿ ಒಂದಷ್ಟು ದಿನ ಲಾರಿಯಾಗಿರುತ್ತವೆ, ಆಮೇಲೆ ಇನ್ನೇನೋ ಆಗುತ್ತವೆ.

ನಿನಗೆ ಚಿಕ್ಕಂದಿನಲ್ಲಿ ಮೆಕ್ಯಾನಿಕ್ಸ್ ಡಬ್ಬಿ, ಅದೇ ತೂತಿನ ಪಟ್ಟಿ, ನಟ್ಟು-ಬೋಲ್ಟಿನ ಆಟಿಕೆ, ತಂದುಕೊಟ್ಟಿದ್ದೆ. ನೀನು ಒಂದು ಗಾಳಿಯಂತ್ರ ಮಾಡಿ ಬಿಟ್ಟೆ, ನಾನು ಹಿಡಿದುಕೊಂಡೆ. ಆದರೆ ನಿಜವಾದ ಹುಚ್ಚು ಹಿಡಿದದ್ದು ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ ಆ ತಗಡಿನ ಪೆಟ್ಟಿಗೆ ಸಿಕ್ಕಮೇಲೆ. ಯಾವುದೋ ಹಳೇ ಮನೆ ಕೆಡವಿದ ಸಾಮಾನು. ದಂಡು ಇದ್ದ ಊರಲ್ಲವಾ, ಯಾವ ದೊರೆಯ ಮಗ ಆಡಿದ್ದೋ! ಅಂಗಡಿಯವನು ತೂಕದ ಲೆಕ್ಕದಲ್ಲಿ ಕೊಟ್ಟ. ಮನೆಗೆ ತಂದು ತೊಳೆದರೆ ಪಟ್ಟಿಗಳ ಮೇಲೆ ಮೆಕ್ಯಾನೊ ಅನ್ನೋ ಅಚ್ಚು.

ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ ಅನ್ನುವವನು 1901ರಲ್ಲಿ ಈ ತೂತಿನ ಪಟ್ಟಿಗಳ ಆಟಿಕೆಗೆ ಪೇಟೆಂಟ್ ಪಡೆದ. ಮೆಕ್ಯಾನೊ ಅನ್ನುವ ಹೆಸರು ಬಂದದ್ದು 1907ರಲ್ಲಿ. ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಬಣ್ಣ ನೋಡಿಯೇ ವಯಸ್ಸು ಹೇಳಬಹುದು. ಬರೀ ನಿಕಲ್ ಹೊಳಪು ಇದ್ದರೆ ತೀರಾ ಹಳೆಯದು. ಕೆಂಪು-ಹಸಿರು ಬಂದದ್ದು 1926ರಲ್ಲಿ, ನೀಲಿ-ಬಂಗಾರ 1934ರಲ್ಲಿ. ಯುದ್ಧ ಮುಗಿದ ಮೇಲೆ ಮತ್ತೆ ಕೆಂಪು-ಹಸಿರು. ಹಳದಿ-ಕಪ್ಪು 1964ರದ್ದು. ನನ್ನ ಪೆಟ್ಟಿಗೆಯಲ್ಲಿ ಎಲ್ಲವೂ ಬೆರೆತಿತ್ತು. ಆ ಮನೆಯಲ್ಲಿ ಒಬ್ಬರಲ್ಲ, ಎರಡು ಮೂರು ತಲೆಮಾರು ಆಡಿರಬೇಕು.

ಈಗ ನಿನ್ನ ತಾಯಿ ಇದಕ್ಕೆ ಯಾಕೆ ಮನಸೋತಳು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ಮೇಷ್ಟ್ರ ಚಾಳಿ ಅಂತ ನಗಬೇಡ.

ಮೆಕ್ಯಾನೊ ಪಟ್ಟಿಯಲ್ಲಿ ತೂತಿನಿಂದ ತೂತಿಗೆ ಅರ್ಧ ಅಂಗುಲ. ಎಲ್ಲ ಪಟ್ಟಿಯಲ್ಲೂ ಅಷ್ಟೇ, 1901ರಿಂದ ಇವತ್ತಿನ ತನಕ ಅಷ್ಟೇ. ಗೇರುಗಳಲ್ಲಿ ನಾನು ಹೆಚ್ಚಾಗಿ ಬಳಸುವ ಪಿನಿಯನ್ನಿಗೆ, ಅಂದರೆ ಚಿಕ್ಕ ಗೇರಿಗೆ, 19 ಹಲ್ಲು. ದೊಡ್ಡವುಗಳಿಗೆ 57, 95, 133. ಈ ಸಂಖ್ಯೆಗಳನ್ನು ಮೊದಲ ಸಲ ಎಣಿಸಿದಾಗ ಏನೋ ಅಡ್ಡಾದಿಡ್ಡಿ ಅನ್ನಿಸಿತು. 19 ಯಾಕೆ, 20 ಇಟ್ಟಿದ್ದರೆ ಸುಲಭ ಅಲ್ವಾ? ಆಮೇಲೆ ಭಾಗಿಸಿ ನೋಡಿದೆ. 57 ಅಂದರೆ 19ರ ಮೂರರಷ್ಟು, 95 ಐದರಷ್ಟು, 133 ಏಳರಷ್ಟು. ಪಿನಿಯನ್ ಮೂರು ಸುತ್ತು ಸುತ್ತಿದರೆ 57ರ ಗೇರು ಒಂದು ಸುತ್ತು. ಇಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಎರಡು ಗೇರುಗಳ ಹಲ್ಲು ಕೂಡಿಸು. 19ಕ್ಕೆ 57 ಸೇರಿದರೆ 76. ಅವೆರಡೂ ಕಚ್ಚಿಕೊಂಡು ನಿಂತಾಗ ಆಕ್ಸಲ್‌ಗಳ ನಡುವೆ ಸರಿಯಾಗಿ ಒಂದು ಅಂಗುಲ. 19 ಮತ್ತು 95 ಸೇರಿ 114, ನಡುವೆ ಒಂದೂವರೆ ಅಂಗುಲ. 19 ಮತ್ತು 133 ಸೇರಿ 152, ಎರಡು ಅಂಗುಲ. 38 ಹಲ್ಲು ಹೆಚ್ಚಾದಾಗೆಲ್ಲ ಅರ್ಧ ಅಂಗುಲ, ಅಂದರೆ ಸರಿಯಾಗಿ ಒಂದು ತೂತು! ಇವುಗಳಲ್ಲಿ ಯಾವ ಜೋಡಿ ಹಾಕಿದರೂ ಆಕ್ಸಲ್ ಹೋಗಿ ತೂತಿನಲ್ಲೇ ಬೀಳುತ್ತದೆ. ಅಳೆಯಬೇಕಿಲ್ಲ, ಕೊರೆಯಬೇಕಿಲ್ಲ.

ವರ್ಷಗಟ್ಟಲೆ ಮಕ್ಕಳಿಗೆ ಅನುಪಾತ ಹೇಳಿಕೊಟ್ಟೆ. ಬೋರ್ಡಿನ ಮೇಲೆ ಎರಡು ಚುಕ್ಕಿ ಇಟ್ಟು, ಕೆಲಸಗಾರರು, ಗೋಡೆ, ದಿನ ಅಂತ ಲೆಕ್ಕ ಮಾಡಿಸಿದೆ. ಇದೊಂದು ಪೆಟ್ಟಿಗೆ ಕ್ಲಾಸಿನಲ್ಲಿ ಇದ್ದಿದ್ದರೆ! ಇರಲಿ ಬಿಡು.

ಸರಿ, ಕಷ್ಟದ ವಿಷಯ ಬೋಲ್ಟು. ಹಳೇ ಮೆಕ್ಯಾನೊ ಬೋಲ್ಟಿನದು ಇಂಗ್ಲಿಷ್ ಮರೆ, ಮರೆ ಅಂದರೆ ಸ್ಕ್ರೂವಿನ ಮೇಲಿನ ಸುತ್ತು. 5/32 ಅಂಗುಲದ ವಿಟ್‌ವರ್ತ್, ಅಂಗುಲಕ್ಕೆ 32 ಸುತ್ತು. ನಮ್ಮ ಅಂಗಡಿಗಳಲ್ಲಿ ಸಿಗುವುದು ಎಂ4, ಅಂದರೆ ನಾಲ್ಕು ಮಿಲಿಮೀಟರ್ ದಪ್ಪದ ಮೆಟ್ರಿಕ್ ಬೋಲ್ಟು. ದಪ್ಪದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ, 5/32 ಅಂಗುಲ ಅಂದರೆ 3.97 ಮಿಲಿಮೀಟರ್. ಆದರೆ ಎಂ4ರ ಸುತ್ತಿನ ಅಂತರ 0.7 ಮಿಲಿಮೀಟರ್, ವಿಟ್‌ವರ್ತ್‌ನದು 0.79. ಹಾಗಾಗಿ ಎಂ4 ಬೋಲ್ಟು ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಇನ್ನೂ ಬಲ ಹಾಕಿದರೆ ಹಿತ್ತಾಳೆ ಗೇರಿನ ಒಳಗಿನ ಮರೆ ಸತ್ತಂತೆಯೇ. ಗೇರನ್ನು ಆಕ್ಸಲ್‌ಗೆ ಹಿಡಿಯುವ ಸಣ್ಣ ಗ್ರಬ್ ಸ್ಕ್ರೂ ಇದೆಯಲ್ಲ, ಅದು ಕಳೆದಾಗಲೇ ಜನ ಈ ಆಸೆಗೆ ಬೀಳುವುದು. ಹಳೇ ಗೇರು ಕೊಳ್ಳುವಾಗ ನಾನು ಹೊಳಪು ನೋಡುವುದಿಲ್ಲ. ಒಳ್ಳೇ ಸ್ಕ್ರೂ ಒಂದನ್ನು ಹಾಕಿ ತಿರುಗಿಸಿ ನೋಡುತ್ತೇನೆ.

ಹೊಳಪಿಗೇನು, ಹುಣಸೆಹಣ್ಣು ಸಾಕು. ತುಕ್ಕು ಹಿಡಿದ ಪಟ್ಟಿಗೆ ನಿಂಬೆ ಉಪ್ಪಿನ ನೀರು, ಆಮೇಲೆ ಚೆನ್ನಾಗಿ ತೊಳೆದು ನಮ್ಮ ಬಿಸಿಲಿಗೆ ಇಡುವುದು. ಬಳ್ಳಾರಿ ಬಿಸಿಲು ಇನ್ಯಾವುದಕ್ಕೆ ಉಪಕಾರವೋ ಗೊತ್ತಿಲ್ಲ, ಇದಕ್ಕಂತೂ ಬಹಳ. ಬಣ್ಣ ಮಾತ್ರ ಹೊಸದಾಗಿ ಹೊಡೆಯುವುದಿಲ್ಲ. ಕಿತ್ತುಬಂದದ್ದು ಕಿತ್ತುಬಂದಂತೆ ಇರಲಿ. ಇದೇ ಹವ್ಯಾಸದ ಕೆಲವರು ಪೂರ್ತಿ ಉಜ್ಜಿ, ಕಾರಿನ ಪೇಂಟ್ ಹೊಡೆಸಿ ಮಿರಮಿರ ಮಿಂಚಿಸುತ್ತಾರೆ. ಇನ್ನು ಕೆಲವರು ಪೆಟ್ಟಿಗೆಯ ದಾರ ಕೂಡ ಬಿಚ್ಚದೆ ಇಟ್ಟುಕೊಳ್ಳುತ್ತಾರೆ. ಅವರ ದುಡ್ಡು, ಅವರ ಇಷ್ಟ. ಆದರೆ ಬಿಚ್ಚದ ಪೆಟ್ಟಿಗೆಯೊಳಗೆ ಗೇರು ಇದ್ದರೇನು, ಕಲ್ಲು ಇದ್ದರೇನು?

ನೀನು ಕೊಟ್ಟ ಲೆಗೊ ಟೆಕ್ನಿಕ್ ಜೀಪು ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ಎರಡು ಸಲ ಕಟ್ಟಿದೆ. ಅವರು ಈ ಸಾಲು ಶುರು ಮಾಡಿದ್ದು 1977ರಲ್ಲಂತೆ. ಅಲ್ಲಿಂದ ಬಹಳ ದೂರ ಬಂದಿದ್ದಾರೆ. ಆದರೆ ಲೆಗೊದಲ್ಲಿ ಡಿಫರೆನ್ಶಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು, ರೆಡಿಯಾಗಿ ಬರುತ್ತದೆ. ಮೂರು ಗೇರು ಒಳಗೆ ಒತ್ತಿದರೆ ಮುಗಿಯಿತು. ಸ್ಕ್ರೂಡ್ರೈವರ್ ಇಲ್ಲದೆ ನನ್ನ ಕೈಗೆ ಏನೋ ಖಾಲಿ ಖಾಲಿ.

ಅಂದ ಹಾಗೆ ಕೊರಿಯರ್ ಹುಡುಗ ಈಗಲೂ ಕೇಳುತ್ತಾನೆ, "ಮೊಮ್ಮಗನಿಗಾ ಮೇಡಂ?" ಅಂತ. ನಿಮ್ಮಪ್ಪ ಬಾಗಿಲಿಗೆ ಹೋದರೆ, "ಸಾರ್, ನಿಮ್ಮ ಸಾಮಾನು ಬಂತು" ಅನ್ನುತ್ತಾನೆ. ಮನೆಯ ಹೆಂಗಸಿನದು ಅಂತ ಅವನಿಗೆ ಹೊಳೆಯುವುದೇ ಇಲ್ಲ.

ಈಗ ಟಿಪ್ಪರ್ ವಿಷಯಕ್ಕೆ ಬರುತ್ತೇನೆ, ನಿಮ್ಮಪ್ಪ ಓಡಿಸುತ್ತಿದ್ದ ಲಾರಿಯ ಹಾಗೆ ನಾನು ಕಟ್ಟಿದ್ದು. ನಿನಗೆ ಷೋಕೇಸ್ ಬೇಕಾಗಿದ್ದು ಅದಕ್ಕೇ ಅಂತ ಗೊತ್ತು. "ಅಪ್ಪನ ಟಿಪ್ಪರ್ ನಡುವಿನ ಅಂತಸ್ತಿನಲ್ಲಿ" ಅಂತ ಗುರುತು ಬೇರೆ ಹಾಕಿದ್ದೀಯ. ಪುಟ್ಟಿ, ಟಿಪ್ಪರ್ ಈಗ ಇಲ್ಲ. ಬಿಚ್ಚಿದೆ.

ಸಿಟ್ಟು ಮಾಡಿಕೊಳ್ಳುವ ಮೊದಲು ಕೇಳು. ಅದನ್ನು ನೆನಪಿಗಾಗಿ ಕಟ್ಟಿದ್ದೆ ಅಂತ ನೀನು ತಿಳಿದಿದ್ದೀಯ. ಹಾಗೇನಿಲ್ಲ. ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಶಿಯಲ್ ನಾನೇ ಕೂರಿಸಬೇಕು ಅನ್ನೋ ಹಟಕ್ಕೆ ಕಟ್ಟಿದ್ದು. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಒಂದೇ ಸಲಾಕೆ ಹಾಕಿದರೆ ಒಂದು ಚಕ್ರ ಜಾರಲೇಬೇಕು. ಅದಕ್ಕೆ ಆಕ್ಸಲ್ಲನ್ನು ನಡುವೆ ಕತ್ತರಿಸಿ, ಬೆವೆಲ್ ಗೇರುಗಳನ್ನು, ಅಂದರೆ ಓರೆ ಹಲ್ಲಿನವನ್ನು, ಎದುರುಬದುರು ನಿಲ್ಲಿಸುತ್ತಾರೆ. ಆ ಗೇರುಗಳನ್ನು ಹಿಡಿದಿರುವ ಹೌಸಿಂಗ್ ಸುತ್ತುವ ವೇಗ ಯಾವಾಗಲೂ ಎರಡು ಚಕ್ರಗಳ ವೇಗದ ಸರಾಸರಿ. ಒಂದು ನಿಧಾನವಾದರೆ ಅಷ್ಟನ್ನೇ ಇನ್ನೊಂದು ಎತ್ತಿಕೊಳ್ಳುತ್ತದೆ. ಹಿಂದಿನ ಚಕ್ರ ಎರಡನ್ನೂ ಮೇಲೆತ್ತಿ, ಇಂಜಿನ್ನಿನಿಂದ ಬರುವ ಶಾಫ್ಟ್ ಬಿಗಿಯಾಗಿ ಹಿಡಿದು, ಎಡ ಚಕ್ರ ಮುಂದೆ ತಿರುಗಿಸಿದರೆ ಬಲ ಚಕ್ರ ಹಿಂದಕ್ಕೆ ತಿರುಗುತ್ತದೆ. ಸರಾಸರಿ ಸೊನ್ನೆ!

ಇದನ್ನು ನಿಮ್ಮಪ್ಪನಿಗೆ ತೋರಿಸಿದೆ. ಅವರು ಏನಂದರು ಗೊತ್ತಾ? "ಎರೆಹೊಲದಲ್ಲಿ ಗಾಡಿ ಸಿಕ್ಕಿಕೊಂಡಾಗ ಇದೇ ಅಲ್ವೇನೇ ನನ್ನ ಜೀವ ತಿಂದದ್ದು!" ಹೌದು. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ನೆ ನಿಂತಿರುತ್ತದೆ. ಅವರು ಅದನ್ನು ಮಳೆಯಲ್ಲಿ ನಿಂತು ಕಲಿತವರು, ನಾನು ಟೇಬಲ್ ಮೇಲೆ. ಆಮೇಲೆ ಕನ್ನಡಕ ಹಾಕಿಕೊಂಡು ಕೂತರು. ಕಮಾನು ಪಟ್ಟಿ ನೋಡಿ, "ಇದು ಬಹಳ ಬಿಗಿ, ಲೋಡ್ ಬಿದ್ದರೂ ಬಗ್ಗಲ್ಲ" ಅಂದರು. ನಾನು 11, 9, 7, 5 ತೂತಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಗಿದಿದ್ದೆ. ತುದಿಯ ಬೋಲ್ಟ್ ತೆಗೆಸಿ, ನಡುವೆ ಮಾತ್ರ ಕಟ್ಟಿಸಿದರು. ಪಟ್ಟಿಗಳು ಒಂದರ ಮೇಲೊಂದು ಜಾರಬೇಕಂತೆ. ಟಬ್, ಅದೇ ಲೋಡ್ ತುಂಬುವ ಹಿಂಭಾಗ, ಎತ್ತುವುದಕ್ಕೆ ನಾನು ಮರೆ ಇರುವ ಸಲಾಕೆ ಹಾಕಿದ್ದೆ. ಒಂದು ಅಂಗುಲ ಏರಲು 32 ಸುತ್ತು. "ನಿನ್ನ ಗಾಡಿ ಖಾಲಿ ಆಗೋದರೊಳಗೆ ನಾನು ಇನ್ನೊಂದು ಟ್ರಿಪ್ ಹೊಡೆದು ಬರ್ತಿದ್ದೆ" ಅಂತ ನಕ್ಕರು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ನೀನು ಕಾಲೇಜಿನಲ್ಲಿದ್ದೆ. ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳು ನಿನಗೂ ನೆನಪಿರಬೇಕು. ಕಂತು ಕಟ್ಟಲಾಗದೆ ನಿಮ್ಮಪ್ಪ ಗಾಡಿ ಮಾರಿದರು. ಎರಡು ವರ್ಷದ ಮೇಲೆ ಕೆಲವು ಗಣಿ ತೆರೆದಾಗ ಮತ್ತೆ ಗಾಡಿ ತೆಗೆಯೋಣ ಅಂತ ಯಾರೋ ಬಂದು ಕೇಳಿದರೆ ಬೇಡ ಅಂದರು. ಮೊನ್ನೆ ನಿನ್ನ ಷೋಕೇಸಿನ ಫೋಟೊ ತೋರಿಸಿದೆ. "ಮಾರಿದ ಗಾಡೀನ ದಿನಾ ದೀಪ ಹಾಕಿ ನೋಡ್ತಾ ಕೂರೋಕೆ ನನಗೇನು ಹುಚ್ಚಾ?" ಅಂದರು. ಅವರೇ ಸ್ಪಾನರ್ ಹಿಡಿದು ಟಬ್ ಬಿಚ್ಚಿದರು. ಬೋಲ್ಟುಗಳನ್ನು ಒಗ್ಗಾಣಿ ತಟ್ಟೆಯಲ್ಲಿ ಹಾಕಿದ್ದಕ್ಕೆ ನಾನು ಬೈದೆ, ಅದು ಬೇರೆ ಮಾತು.

ಈಗ ಕಟ್ಟುತ್ತಿರುವುದು ರೋಡ್ ರೋಲರ್. ಹಳೇ ಕಾಲದ್ದು, ಉಗಿ ಇಂಜಿನ್ನಿನದು. ಅದರ ಸ್ಟೀರಿಂಗ್ ಬಹಳ ಮಜಾ. ಮುಂದಿನ ಉರುಳೆಯ ಎರಡೂ ಬದಿಗೆ ಸರಪಳಿ. ಆ ಸರಪಳಿ ಒಂದು ಅಡ್ಡ ಶಾಫ್ಟಿಗೆ ಸುತ್ತಿರುತ್ತದೆ, ಶಾಫ್ಟನ್ನು ತಿರುಗಿಸುವುದು ವರ್ಮ್ ಗೇರು, ಸ್ಕ್ರೂವಿನ ಹಾಗೆ ಸುತ್ತು ಇರುವಂಥದ್ದು. ವರ್ಮ್ ಒಂದು ಸುತ್ತು ಬಂದರೆ ಎದುರಿನ ಗೇರು ಒಂದೇ ಹಲ್ಲು ಸರಿಯುತ್ತದೆ. ನಾನು ಹಾಕಿರುವುದು 57ರ ಗೇರು, ಅಂದರೆ 57 ಸುತ್ತಿಗೆ ಅದರದು ಒಂದು ಸುತ್ತು. ರೋಲರ್ ಡ್ರೈವರು ಚಕ್ರವನ್ನು ಅಷ್ಟು ಗಿರಗಿರ ತಿರುಗಿಸುವುದು ಯಾಕೆ ಅಂತ ಈಗ ಗೊತ್ತಾಯಿತಾ? ಅದರಿಂದ ಲಾಭವೂ ಇದೆ. ಕೈ ಬಿಟ್ಟರೂ ಉರುಳೆ ತಾನಾಗಿ ಹೊರಳುವುದಿಲ್ಲ, ಗೇರಿನಿಂದ ವರ್ಮನ್ನು ತಿರುಗಿಸಲು ಆಗುವುದಿಲ್ಲ. ಕಲ್ಲಿಗೆ ಹತ್ತಿದರೂ ಹಿಡಿದ ದಾರಿ ಬಿಡದು.

ಆ 57ರ ಗೇರು ಟಿಪ್ಪರಿನ ಗೇರ್‌ಬಾಕ್ಸಿನಲ್ಲಿ ಇದ್ದದ್ದೇ. ಅದಕ್ಕಿಂತ ಮೊದಲು ಕ್ರೇನಿನಲ್ಲಿತ್ತು. ನಾನು ಹುಟ್ಟುವ ಮೊದಲು ಯಾವುದರಲ್ಲಿತ್ತೋ. ಷೋಕೇಸಿನಲ್ಲಿ ಟಿಪ್ಪರ್ ಕೂತಿದ್ದರೆ ರೋಲರ್ ಹುಟ್ಟುತ್ತಲೇ ಇರಲಿಲ್ಲ, ಅಂಥ ಗೇರು ನನ್ನ ಹತ್ತಿರ ಬೇರೆ ಇಲ್ಲ. ಟಿಪ್ಪರ್ ಬೇಕಾದರೆ ಇನ್ನೊಮ್ಮೆ ಕಟ್ಟೋಣ. ಈ ಸಲ ಕಮಾನು ಪಟ್ಟಿ ನಿಮ್ಮಪ್ಪ ಹೇಳಿದ ಹಾಗೆ ಮೊದಲೇ ಹಾಕಬಹುದು.

ಷೋಕೇಸಿನ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ, ಸಣ್ಣ ಸಣ್ಣ ಡ್ರಾಯರ್ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ತಾ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಇಟ್ಟುಕೊಂಡಿರುತ್ತಾರಲ್ಲ, ಅಂಥದ್ದು. ಹಂಪಿ ಎಕ್ಸ್‌ಪ್ರೆಸ್ಸಿಗೆ ಹತ್ತಿದರೆ ಬೆಳಗ್ಗೆ ಮನೆಯಲ್ಲಿರುತ್ತೀಯ, ಮಿರ್ಚಿ ಹಿಟ್ಟು ಕಲಸಿಟ್ಟಿರುತ್ತೇನೆ. ಇನ್ನೊಂದು, ಮರೆ ಹೊಡೆಯುವ ಟ್ಯಾಪ್ ಬೇಕು. ಇಲ್ಲಿ ಸಿಗುತ್ತಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸು. 5/32 ವಿಟ್‌ವರ್ತ್ ಅಂತ ಬಿಡಿಸಿ ಹೇಳು, ಬೇಕಾದರೆ ಬರೆದು ತೋರಿಸು. ಅಂಗಡಿಯವನು "ಎಂ4 ತಗೊಳ್ಳಿ ಮೇಡಂ, ಎರಡೂ ಒಂದೇ" ಅಂದರೆ ಅಲ್ಲಿಂದ ಎದ್ದು ಬಾ.

ನಿನ್ನ
ಅಮ್ಮ