ಬ್ರಸೆಲ್ಸ್ ಪುರಭವನ ನೋಡಿ ಬಂದು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಅಣ್ಣ, ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಅಮ್ಮನಿಗೆ ಚಳಿಯದೊಂದೇ ತಕರಾರು. ಫೋಟೋಗಳನ್ನೆಲ್ಲ ಅವಳು ಆಗಲೇ ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಆದರೆ ಬೆಲ್ಜಿಯಂ ರಾಜಧಾನಿಯಾದ ಈ ಬ್ರಸೆಲ್ಸಿನ ಪುರಭವನದ ವಿಷಯ ಫೋಟೋದಲ್ಲಿ ತಿಳಿಯುವಂಥದ್ದಲ್ಲ. ನೀನು ಕಾನೂನು ಓದುತ್ತಿರುವವಳು, ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಇದನ್ನು ನಿನಗೆ ಬರೆಯದೆ ಇರಲಾಗಲಿಲ್ಲ.

ಊರಿನ ನಡುವೆ ಗ್ರಾಂಡ್ ಪ್ಲಾಸ್ ಅಂತ ಒಂದು ಚೌಕ. ಸುತ್ತಲೂ ಚಿನ್ನದ ಲೇಪ ಹೊತ್ತ ಮನೆಗಳು. ಬೇಕರಿಯವರು, ದೋಣಿಯವರು, ಬಿಯರ್ ತಯಾರಿಸುವವರು ತಮ್ಮ ತಮ್ಮ ಕಸುಬಿನ ಸಂಘಕ್ಕಾಗಿ ಕಟ್ಟಿಕೊಂಡವು. ಅವುಗಳ ನಡುವೆ 96 ಮೀಟರ್ ಎತ್ತರಕ್ಕೆ ಪುರಭವನದ ಗೋಪುರ ನಿಂತಿದೆ. ಚೂಪು ಕಮಾನು, ಕಲ್ಲಿನ ಕುಸುರಿ ನೋಡಿದರೆ ಯಾರಿಗಾದರೂ ಇಗರ್ಜಿ ಅನ್ನಿಸಬೇಕು. ಇದು ಊರಿನವರು ತಮ್ಮ ಆಡಳಿತಕ್ಕೆಂದು ಕಟ್ಟಿಕೊಂಡ ಕಟ್ಟಡ. ಎಡಗಡೆಯ ಭಾಗ 15ನೇ ಶತಮಾನದ ಆರಂಭದ್ದು. ಬಲಭಾಗಕ್ಕೆ ಕಲ್ಲಿಟ್ಟದ್ದು 1444ರಲ್ಲಿ. ಗೋಪುರದ ಕೆಲಸ 1449ರಲ್ಲಿ ಶುರುವಾಯಿತು, ಅದರ ಶಿಲ್ಪಿ ಯಾನ್ ವಾನ್ ರೌಸ್‌ಬ್ರೂಕ್. ತುದಿಯಲ್ಲಿ ಸೈತಾನನನ್ನು ಮೆಟ್ಟಿ ನಿಂತ ಸಂತ ಮೈಕೆಲ್. 1455ರಲ್ಲಿ ಏರಿಸಿದ ಮೂಲ ಪ್ರತಿಮೆ ಈಗ ಎದುರಿನ ಮ್ಯೂಸಿಯಮ್ಮಿನಲ್ಲಿದೆ, ಮೇಲಿರುವುದು ಅದರ ಪ್ರತಿ.

ಗೋಪುರ ಕಟ್ಟಡದ ಸರಿ ಮಧ್ಯದಲ್ಲಿಲ್ಲ. ಅದನ್ನು ಕಂಡು ಶಿಲ್ಪಿ ಮೇಲಿಂದ ಹಾರಿ ಪ್ರಾಣ ಬಿಟ್ಟ ಅಂತ ಇಲ್ಲಿ ಒಂದು ಕಥೆ ಹೇಳುತ್ತಾರೆ. ಮೇಲೆ ಬರೆದ ಇಸವಿಗಳನ್ನು ನೋಡು, ಕಥೆ ನಿಲ್ಲುವುದಿಲ್ಲ. ಎಡ, ಬಲ, ಗೋಪುರ ಬೇರೆ ಬೇರೆ ಕಾಲದಲ್ಲಿ ಎದ್ದವು. ಒಟ್ಟು ನಕ್ಷೆಯೇ ಇಲ್ಲದ ಮೇಲೆ ತಪ್ಪುವುದೆಲ್ಲಿಂದ ಬಂತು?

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಆಗ ಊರಿನ ಆಡಳಿತ ನೋಡುತ್ತಿದ್ದ ಹಿರಿಯರೇ ಇಲ್ಲಿ ಕೂತು ನ್ಯಾಯವನ್ನೂ ಹೇಳುತ್ತಿದ್ದರು. ಅವರ ಕಣ್ಣೆದುರಿಗೆ ಇರಲೆಂದು ಊರಿನ ಚಿತ್ರಕಾರನಾಗಿದ್ದ ರೊಜಿಯೆರ್ ವಾನ್ ಡರ್ ವೇಡನ್‌ನಿಂದ ನಾಲ್ಕು ದೊಡ್ಡ ಚಿತ್ರ ಬರೆಸಿದ್ದರು. 1520ರಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಬಂದು ನೋಡಿ, ತನ್ನ ದಿನಚರಿಯಲ್ಲಿ ಅವುಗಳನ್ನು ಬರೆದಿಟ್ಟಿದ್ದಾನೆ.

ಚಿತ್ರಗಳಲ್ಲಿದ್ದದ್ದು ಎರಡು ಕಥೆ. ಮೊದಲನೆಯದು ರೋಮಿನ ಚಕ್ರವರ್ತಿ ಟ್ರೇಜನ್‌ನದು. ಅವನು ದಂಡೆತ್ತಿ ಹೊರಟಾಗ, ಮಗನನ್ನು ಕೊಲೆಗೆ ಕಳೆದುಕೊಂಡ ವಿಧವೆಯೊಬ್ಬಳು ಅಡ್ಡ ಬಂದು ನ್ಯಾಯ ಕೇಳುತ್ತಾಳೆ. 'ಹಿಂದಿರುಗಿದ ಮೇಲೆ ನೋಡೋಣ' ಅನ್ನುತ್ತಾನೆ. 'ನೀನು ಹಿಂದಿರುಗದಿದ್ದರೆ?' 'ನನ್ನ ನಂತರ ಬಂದವನು ಮಾಡುತ್ತಾನೆ.' 'ಅವನು ಮಾಡಿದ ನ್ಯಾಯದಿಂದ ನಿನಗೇನು ಬಂತು?' ಚಕ್ರವರ್ತಿ ಕುದುರೆಯಿಂದಿಳಿದು ಅಲ್ಲೇ ವಿಚಾರಣೆ ಮುಗಿಸುತ್ತಾನೆ. ವಾಯಿದೆಯ ಮೇಲೆ ವಾಯಿದೆ ಬೀಳುವ ಕೇಸುಗಳ ಕಟ್ಟು ಬಿಚ್ಚಿ ಕಟ್ಟಿಯೇ ಬದುಕು ಸವೆಸಿದವನು ನಾನು. ಕೋರ್ಟಿನ ಜಗಲಿಯಲ್ಲಿ ಚೀಲ ಹಿಡಿದು ಕೂತಿರುತ್ತಿದ್ದ ಮುದುಕಿಯರೆಲ್ಲ ನೆನಪಾಗಿ ಕಣ್ಣು ತುಂಬಿ ಬಂತು, ಪುಟ್ಟಿ.

ಎರಡನೆಯದು ಇದೇ ನಾಡಿನ ಹರ್ಕಿನ್‌ಬಾಲ್ಡ್ ಎಂಬ ನ್ಯಾಯಾಧೀಶನದು. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನು ತನ್ನ ತಂಗಿಯ ಮಗನೋ ಅಣ್ಣನ ಮಗನೋ, ಅಂತೂ ಸ್ವಂತ ರಕ್ತ. ರೋಗದಿಂದ ಹಾಸಿಗೆ ಹಿಡಿದಿದ್ದ ಮುದುಕ ಅವನನ್ನು ಹತ್ತಿರ ಕರೆದು ತನ್ನ ಕೈಯಿಂದಲೇ ಕತ್ತು ಕುಯ್ಯುತ್ತಾನೆ. ಪಶ್ಚಾತ್ತಾಪ ಪಡದ ಆ ಮುದುಕನಿಗೆ ಬಿಷಪ್ ಪ್ರಸಾದ ಕೊಡಲೊಪ್ಪದಿದ್ದಾಗ, ಅದು ಪವಾಡದಿಂದ ತಾನಾಗಿ ಅವನ ಬಾಯಿ ಸೇರಿತಂತೆ. ಸ್ವಜನಪಕ್ಷಪಾತ ಕೂಡದು ಅನ್ನುವುದಕ್ಕೆ ಇದನ್ನು ಮಾದರಿಯಾಗಿ ಗೋಡೆಗೆ ಹಾಕಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಕತ್ತು ಕುಯ್ಯಿಸಿಕೊಂಡವನ ಅಹವಾಲು ಕೇಳಿದವರಾರು? ದೂರು, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲ ಒಬ್ಬನ ಕೈಯಲ್ಲೇ ಇದ್ದರೆ ನಾಳೆ ಅದೇ ಕೈ ನಿರಪರಾಧಿಯ ಮೇಲೂ ಏಳುತ್ತದೆ.

ಏಳುವುದಕ್ಕೆ ದೂರ ಹೋಗಬೇಕಾಗಿಲ್ಲ. 1568ರ ಜೂನ್ 5ರಂದು ಇದೇ ಚೌಕದಲ್ಲಿ ಎಗ್ಮಾಂಟ್ ಮತ್ತು ಹಾರ್ನ್ ಎಂಬ ಇಬ್ಬರು ಕೌಂಟ್‌ಗಳ ತಲೆ ಕಡಿಸಿದರು. ಎಗ್ಮಾಂಟ್, ಆಗ ಈ ನಾಡನ್ನೂ ಆಳುತ್ತಿದ್ದ ಸ್ಪೇನಿನ ರಾಜ ಎರಡನೇ ಫಿಲಿಪ್‌ನಿಗೆ 1557, 1558ರಲ್ಲಿ ಫ್ರೆಂಚರ ಮೇಲೆ ಯುದ್ಧ ಗೆದ್ದುಕೊಟ್ಟವನು. ಇಬ್ಬರೂ ಗೋಲ್ಡನ್ ಫ್ಲೀಸ್ ಎಂಬ ಗೌರವ ಸಂಘದ ಸದಸ್ಯರು, ಅದರ ನಿಯಮದ ಪ್ರಕಾರ ಅವರ ವಿಚಾರಣೆ ಆ ಸಂಘದವರ ಮುಂದೆಯೇ ಆಗಬೇಕು. ಆ ಹಕ್ಕನ್ನು ಬದಿಗಿಟ್ಟು, ರಾಜನ ಪ್ರತಿನಿಧಿ ಆಲ್ಬಾದ ಡ್ಯೂಕ್ ತಾನೇ ರಚಿಸಿದ ಮಂಡಳಿಯಿಂದ ಅವರಿಗೆ ಮರಣದಂಡನೆ ಕೊಡಿಸಿದ. ಜನ ಅದನ್ನು ರಕ್ತ ಮಂಡಳಿ ಅಂತಲೇ ಕರೆದರು. ಈ ನ್ಯಾಯಾಲಯಕ್ಕೆ ನನ್ನನ್ನು ವಿಚಾರಿಸುವ ಅಧಿಕಾರವಿಲ್ಲ ಎಂಬ ಆಕ್ಷೇಪಣೆಯನ್ನು ನಮ್ಮಲ್ಲೂ ಎಷ್ಟೋ ಜನ 'ಅದೆಲ್ಲ ಟೆಕ್ನಿಕಲ್, ಬಿಡಿ' ಅನ್ನುತ್ತಾರೆ. ನೀನು ಮಾತ್ರ ಹಾಗೆ ಅನ್ನಬೇಡ. ಇಲ್ಲಿ ಎರಡು ತಲೆ ಉರುಳಿದ್ದು ಅದನ್ನು ಕೇಳಿಸಿಕೊಳ್ಳದೆ.

1695ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಯ ಸೈನ್ಯ ಊರಿನ ಮೇಲೆ ಫಿರಂಗಿ ಹಾರಿಸಿ ಸುಮಾರು 4,000 ಕಟ್ಟಡಗಳನ್ನು ನಾಶಮಾಡಿತು. ಪುರಭವನದ ಒಳಗೆಲ್ಲ ಸುಟ್ಟು ಗೋಡೆ, ಗೋಪುರ ಉಳಿದವು. ಆ ನಾಲ್ಕು ಚಿತ್ರಗಳು ಹೋದವು, ಹಳೆಯ ಕಡತಗಳೂ ಹೋದವು. ರೆಕಾರ್ಡ್ ರೂಮಿನ ಬೆಲೆ ತಿಳಿದ ನನಗೆ ಕಡತಗಳ ಸುದ್ದಿಯೇ ಹೆಚ್ಚು ಸಂಕಟ ಕೊಟ್ಟಿತು. ಸುತ್ತಲಿನ ಸಂಘದ ಮನೆಗಳನ್ನು ಕಸುಬಿನವರು ಕೆಲವೇ ವರ್ಷಗಳಲ್ಲಿ ಮತ್ತೆ ಎಬ್ಬಿಸಿದರು, ನಾವು ಈಗ ಕಾಣುವುದು ಅವನ್ನೇ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆ ಚಿತ್ರಗಳನ್ನು ಅನುಸರಿಸಿ ನೇಯ್ದ ಒಂದು ದೊಡ್ಡ ಗೋಡೆವಸ್ತ್ರ ಉಳಿದಿದೆಯಂತೆ. ನಿನ್ನ ಪರೀಕ್ಷೆ ಮುಗಿದು ನೀನೂ ಬಂದರೆ ಅಣ್ಣ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ.

ಹರ್ಕಿನ್‌ಬಾಲ್ಡ್ ಮಾಡಿದ್ದು ನ್ಯಾಯವೋ ಕೊಲೆಯೋ ಅಂತ ಮನೆಯಲ್ಲಿ ನಿನ್ನೆ ರಾತ್ರಿ ಊಟದ ಹೊತ್ತಿಗೆ ದೊಡ್ಡ ವಾದವೇ ಆಯಿತು. ಅಮ್ಮ ಅವನ ಪರ, ಆ ಹೆಣ್ಣುಮಗಳ ಗತಿ ಯೋಚಿಸಿ ಅನ್ನುತ್ತಾಳೆ. ಅಣ್ಣ ನನ್ನ ಕಡೆ. ಅತ್ತಿಗೆ ಇನ್ನೂ ತೀರ್ಮಾನಿಸಿಲ್ಲ. ನಿನ್ನ ವಾದ ಏನು, ಕಾರಣ ಸಮೇತ ಬರೆ.

ಇತಿ ನಿನ್ನ
ಅಪ್ಪ